ಲೋಟದೊಳಗಿನ ಕೊಳ್ಳಿದೆವ್ವ

ಹ್ಯಾಲೋವೀನ್ ಪಾರ್ಟಿಗೆ ಕಾಕ್‌ಟೇಲ್ ಮಾಡಬೇಕು ಎಂದರೆ ಅಮೆರಿಕದಲ್ಲಿ ಎಲ್ಲರ ತಲೆಗೂ ಮೊದಲು ಬರುವುದು ಹೊಗೆ. ಸೂಪರ್‌ಮಾರ್ಕೆಟ್ಟಿನಿಂದ ಡ್ರೈ ಐಸ್ ತರುತ್ತಾರೆ, ಒಂದು ತುಂಡನ್ನು ಗ್ಲಾಸಿಗೆ ಹಾಕುತ್ತಾರೆ, ಅದು ಬುಳುಬುಳು ಎನ್ನುತ್ತಾ ಬಿಳಿ ಹೊಗೆ ಉಗುಳುವಾಗ ಎಲ್ಲರೂ ಫೋನ್ ಹೊರಗೆ ತೆಗೆಯುತ್ತಾರೆ. ಆ ಗ್ಲಾಸಿನೊಳಗೆ ಏನಿದೆ ಅಂತ ಯಾರೂ ಕೇಳುವುದಿಲ್ಲ. ಕೇಳದೇ ಇರುವುದೇ ಒಳ್ಳೆಯದು. ಬಹಳ ಸಲ ಅದು ಕಿತ್ತಳೆ ಬಣ್ಣದ ಸಕ್ಕರೆ ನೀರು ಮತ್ತು ಅಗ್ಗದ ವೋಡ್ಕಾ.

ನ್ಯೂಜೆರ್ಸಿಯ ನಮ್ಮ ಕನ್ನಡದ ಗೆಳೆಯರ ಗುಂಪಿನಲ್ಲಿ ಕುಡಿಯುವುದರ ಜವಾಬ್ದಾರಿ ನನ್ನ ತಲೆಗೆ ಬಿದ್ದಿದೆ. ಅಡುಗೆ ಬರುವವರು ಅಡುಗೆ ಮಾಡುತ್ತಾರೆ, ಮನೆ ಅಲಂಕಾರದ ಹುಚ್ಚಿರುವವರು ಬಾಗಿಲಿಗೆ ಜೇಡರ ಬಲೆ ಕಟ್ಟುತ್ತಾರೆ, ನಾನು ಶೇಕರ್ ಹಿಡಿದು ನಿಲ್ಲುತ್ತೇನೆ. ನನ್ನದು ಎರಡೇ ಹಟ. ಮೊದಲನೆಯದು, ಕುಡಿದವರು ಇನ್ನೊಂದು ಕೇಳಬೇಕು. ಎರಡನೆಯದು, ಹೆದರಿಸುವುದಾದರೆ ನಮ್ಮ ಊರಿನ ದೆವ್ವವೇ ಹೆದರಿಸಲಿ. ಡ್ರಾಕುಲಾ, ಮಮ್ಮಿ, ಪೊರಕೆ ಮೇಲೆ ಹಾರುವ ಮಾಟಗಾತಿ ಇವರೆಲ್ಲ ಪಾಪ ವರ್ಷ ವರ್ಷ ಬಂದು ಸುಸ್ತಾಗಿದ್ದಾರೆ.

ಡ್ರೈ ಐಸ್ ಬೇಡ ಎನ್ನುವುದಕ್ಕೆ ರುಚಿಯೊಂದೇ ಕಾರಣ ಅಲ್ಲ. ಅದು ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್, ಮೈನಸ್ 78.5 ಡಿಗ್ರಿ ಸೆಲ್ಸಿಯಸ್. ಪಾನೀಯದಲ್ಲಿ ತಳಕ್ಕೆ ಹೋಗಿ ಕೂರುತ್ತದೆ, ಅದಕ್ಕೇ ಅಪಾಯ ಇಲ್ಲ ಅಂದುಕೊಳ್ಳುತ್ತಾರೆ. ಆದರೆ ಪಾರ್ಟಿಯಲ್ಲಿ ಜನ ಗ್ಲಾಸನ್ನು ಕೊನೆಯವರೆಗೂ ಎತ್ತಿ ಕುಡಿಯುತ್ತಾರೆ, ಅಲ್ವಾ? ಬಾಯಿಗೆ ಒಂದು ಚೂರು ಹೋದರೂ ಸುಟ್ಟ ಹಾಗೆ ಗಾಯ ಆಗುತ್ತದೆ, ನುಂಗಿದರೆ ಗಂಟಲು ಹೊಟ್ಟೆ ಎರಡಕ್ಕೂ ಆಪತ್ತು. 2024ರ ಮಾರ್ಚ್‌ನಲ್ಲಿ ಗುರುಗ್ರಾಮದ ಒಂದು ರೆಸ್ಟೋರೆಂಟಿನಲ್ಲಿ ಊಟ ಆದ ಮೇಲೆ ಬಾಯಿ ತಂಪಿಗೆ ಅಂತ ಕೊಟ್ಟದ್ದನ್ನು ತಿಂದವರು ರಕ್ತ ಕಾರಿಕೊಂಡ ಸುದ್ದಿ ನೆನಪಿರಬಹುದು. ಅದು ಡ್ರೈ ಐಸ್. ಅದೇ ವರ್ಷ ದಾವಣಗೆರೆಯಲ್ಲಿ ಹುಡುಗನೊಬ್ಬ ಸ್ಮೋಕ್ ಬಿಸ್ಕತ್ ತಿಂದು ಒದ್ದಾಡಿದ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು. ಅದು ದ್ರವ ಸಾರಜನಕ, ಇನ್ನೂ ಭಯಂಕರ ತಣ್ಣಗಿನದು. ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲಿ 2012ರಲ್ಲಿ ಹದಿನೆಂಟು ತುಂಬಿದ ಖುಷಿಗೆ ಬಾರಿಗೆ ಹೋದ ಹುಡುಗಿ ದ್ರವ ಸಾರಜನಕ ಹಾಕಿದ ಕಾಕ್‌ಟೇಲ್ ಕುಡಿದು ಹೊಟ್ಟೆಯನ್ನೇ ಆಪರೇಶನ್ ಮಾಡಿ ತೆಗೆಸಿಕೊಳ್ಳಬೇಕಾಯಿತು. ಹೊಗೆ ಬೇಕೇ ಬೇಕು ಎಂದರೆ ಒಂದು ದೊಡ್ಡ ಪಾತ್ರೆಯಲ್ಲಿ ಬಿಸಿನೀರು ಮತ್ತು ಡ್ರೈ ಐಸ್, ಅದರೊಳಗೆ ಕುಡಿಯುವುದಿರುವ ಚಿಕ್ಕ ಪಾತ್ರೆ. ಹೊಗೆ ಹೊರಗಿನದರಿಂದ, ಪಾನೀಯ ಒಳಗಿನದರಿಂದ. ಕಿಟಕಿ ತೆರೆದಿರಲಿ, ಕೈಗೆ ದಪ್ಪ ಗ್ಲೌಸ್ ಇರಲಿ, ಮುಚ್ಚಳ ಬಿಗಿದ ಡಬ್ಬಿಯಲ್ಲಿ ಅದನ್ನು ಇಡಬೇಡಿ, ಸಿಡಿಯುತ್ತದೆ.

ಕಪ್ಪು ಬಣ್ಣಕ್ಕೆ ಇದ್ದಿಲ ಪುಡಿ ಹಾಕುವುದು ಇನ್ನೊಂದು ಶೋಕಿ. ಆಕ್ಟಿವೇಟೆಡ್ ಚಾರ್ಕೋಲ್ ಅಂತಾರಲ್ಲ, ಅದು. ನೋಡುವುದಕ್ಕೆ ಚೆನ್ನಾಗಿಯೇ ಇರುತ್ತದೆ, ಅಮಾವಾಸ್ಯೆ ರಾತ್ರಿಯನ್ನು ಗ್ಲಾಸಿಗೆ ಸುರಿದ ಹಾಗೆ. ಆದರೆ ವಿಷ ಕುಡಿದವರಿಗೆ ಆಸ್ಪತ್ರೆಯಲ್ಲಿ ಕೊಡುವ ವಸ್ತು ಅದು, ಹೊಟ್ಟೆಯಲ್ಲಿರುವುದನ್ನು ಹೀರಿಕೊಳ್ಳುವುದೇ ಅದರ ಕೆಲಸ. ನಿಮ್ಮ ಅತಿಥಿ ಆಗಷ್ಟೇ ನುಂಗಿದ ಬಿಪಿ ಮಾತ್ರೆಯನ್ನೂ ಅದು ಬಿಡುವುದಿಲ್ಲ. ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ 2018ರಲ್ಲಿ ಹೋಟೆಲು ಬಾರುಗಳಲ್ಲಿ ಅದನ್ನು ನಿಲ್ಲಿಸಿತು. ಸರಿಯಾಗಿಯೇ ಮಾಡಿತು.

ಸಾವಿಗೂ ಕಾಕ್‌ಟೇಲಿಗೂ ಹಳೆಯ ಸ್ನೇಹ ಇದೆ. ಹೆಣವನ್ನೂ ಎಬ್ಬಿಸುವುದು ಎಂಬ ಅರ್ಥದ ಕಾರ್ಪ್ಸ್ ರಿವೈವರ್ ಎನ್ನುವ ಪಾನೀಯಗಳ ಗುಂಪೇ ಇದೆ, ಹಿಂದಿನ ರಾತ್ರಿ ಜಾಸ್ತಿಯಾಗಿ ಬೆಳಗ್ಗೆ ಹೆಣದಂತೆ ಬಿದ್ದವರಿಗೆ ಕೊಡುತ್ತಿದ್ದದ್ದು. ಅದರ ಎರಡನೇ ನಂಬರಿನದು ಇವತ್ತಿಗೂ ಬಾರುಗಳಲ್ಲಿ ಸಿಗುತ್ತದೆ. ಜಿನ್, ನಿಂಬೆರಸ, ಕಿತ್ತಳೆಯ ಲಿಕರ್, ಲಿಲೆ ಎಂಬ ಫ್ರೆಂಚ್ ವೈನ್, ಒಂದೆರಡು ಹನಿ ಆಬ್ಸಿಂತ್ ಎಂಬ ಕಡು ಮದ್ಯ. ಲಂಡನ್ನಿನ ಸವಾಯ್ ಹೋಟೆಲಿನ ಹ್ಯಾರಿ ಕ್ರ್ಯಾಡಕ್ 1930ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ಬರೆದು, ಒಂದರ ಹಿಂದೆ ಒಂದರಂತೆ ನಾಲ್ಕು ಕುಡಿದರೆ ಎದ್ದ ಹೆಣ ಮತ್ತೆ ಮಲಗುತ್ತದೆ ಎಂಬ ಎಚ್ಚರಿಕೆಯನ್ನೂ ಸೇರಿಸಿದ್ದಾನೆ. ಆಮೇಲೆ 1934ರಲ್ಲಿ ಹಾಲಿವುಡ್‌ನಲ್ಲಿ ಡಾನ್ ಬೀಚ್ ಎಂಬಾತ ಹಲವು ಬಗೆಯ ರಮ್ ಬೆರೆಸಿ ಝಾಂಬಿ ಮಾಡಿದ, ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಕೊಡುತ್ತಿರಲಿಲ್ಲ. ಇವೆರಡರಲ್ಲೂ ಹೊಗೆ ಇಲ್ಲ, ಪ್ಲಾಸ್ಟಿಕ್ ಜೇಡ ಇಲ್ಲ. ಹೆಸರು ಮತ್ತು ಏಟು, ಅಷ್ಟೇ.

ಹಾಗಾದರೆ ನಮ್ಮ ಕಡೆಯ ದೆವ್ವ ಯಾವುದು? ಗೆಳೆಯರೆಲ್ಲ ಮೊದಲು ಹೇಳಿದ್ದು ‘ನಾಳೆ ಬಾ’. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ, ಹಳ್ಳಿಗಳಲ್ಲಿ, ಬಾಗಿಲ ಮೇಲೆಲ್ಲ ಸೀಮೆಸುಣ್ಣದಲ್ಲಿ ಬರೆದಿರುತ್ತಿತ್ತು. ರಾತ್ರಿ ದೆವ್ವ ಬಂದು ಮನೆಯವರದ್ದೇ ದನಿಯಲ್ಲಿ ಕರೆದು ಬಾಗಿಲು ಬಡಿಯುತ್ತದಂತೆ, ತೆರೆದರೆ ಮುಗಿಯಿತಂತೆ, ಬರಹ ಓದಿ ವಾಪಸ್ ಹೋಗಿ ಮರುದಿನ ಬಂದು ಮತ್ತೆ ಅದನ್ನೇ ಓದುತ್ತದಂತೆ. ಅಕ್ಷರ ಗೊತ್ತಿರುವ, ಹೇಳಿದ್ದನ್ನು ಕೇಳುವ ಸಭ್ಯ ದೆವ್ವ. ಇಲ್ಲಿ ಅಮೆರಿಕದಲ್ಲಿ ಅಕ್ಟೋಬರ್ 31ರ ಸಂಜೆ ಸಾಲುಸಾಲಾಗಿ ದೆವ್ವಗಳು ಬಂದು ಬೆಲ್ ಒತ್ತುತ್ತವೆ, ನಾವು ನಗುತ್ತಾ ಬಾಗಿಲು ತೆರೆದು ಚಾಕ್ಲೇಟ್ ಕೊಡುತ್ತೇವೆ. ಬಾಗಿಲು ಹಾಕಿಕೊಂಡು ಬೆಳೆದವರಿಗೆ ಇದು ಅಭ್ಯಾಸ ಆಗುವುದಕ್ಕೆ ಸ್ವಲ್ಪ ಕಾಲ ಬೇಕು. ಆದರೂ ಆ ಹೆಸರನ್ನು ನಾನು ಕಾಕ್‌ಟೇಲಿಗೆ ಇಡಲಿಲ್ಲ. ನಮ್ಮ ಗುಂಪಿನ ಕೆಲವರಿಗೆ ‘ನಾಳೆ ಬಾ’ ಎಂದರೆ ನಿಜವಾಗಿಯೂ ನಾಳೆ ಬರುತ್ತಾರೆ.

ನನಗೆ ಬೇಕಾಗಿದ್ದದ್ದು ಕೊಳ್ಳಿದೆವ್ವ. ನಾನು ಮಲೆನಾಡಿನವನು. ರಾತ್ರಿ ಜಗುಲಿಯ ಮೇಲೆ ಕೂತಾಗ ಗದ್ದೆಬಯಲಿನ ಆಚೆ ಒಂದು ಬೆಳಕು ಹೊತ್ತಿ, ಸ್ವಲ್ಪ ದೂರ ಸರಿದು, ಆರಿ, ಇನ್ನೊಂದು ಕಡೆ ಹೊತ್ತಿಕೊಳ್ಳುತ್ತದೆ ಅಂತ ಹೇಳುವವರ ನಡುವೆ ಬೆಳೆದೆ. ಅದರ ಹಿಂದೆ ಹೋಗಬಾರದು, ಕೂಗಬಾರದು, ಬೆರಳು ತೋರಿಸಬಾರದು. ಜೌಗು ನೆಲದ ಅನಿಲ ಹೊತ್ತಿಕೊಳ್ಳುವುದು ಎನ್ನುವವರಿದ್ದರು. ಸೂಡಿ ಹಿಡಿದು ಅಡಿಕೆ ಕದಿಯಲು ಹೊರಟವರು ಎನ್ನುವ ನನ್ನ ಚಿಕ್ಕಪ್ಪನೂ ಇದ್ದ. ಇರಲಿ. ಕತ್ತಲಲ್ಲಿ ತಾನಾಗಿ ಹೊಳೆಯುವ, ಮುಟ್ಟಿದರೆ ಬಿಸಿ ಇಲ್ಲದ ಬೆಳಕನ್ನು ಲೋಟದೊಳಗೆ ತರುವುದು ಹೇಗೆ ಎಂಬುದು ನನ್ನ ಪ್ರಶ್ನೆ.

ಉತ್ತರ ತೀರಾ ಸಾಮಾನ್ಯವಾದ ಒಂದು ಕಾಕ್‌ಟೇಲಿನಲ್ಲೇ ಇದೆ, ಜಿನ್ ಅಂಡ್ ಟಾನಿಕ್‌ನಲ್ಲಿ. ಟಾನಿಕ್ ವಾಟರ್.

ಟಾನಿಕ್ ವಾಟರ್ ಎಂದರೆ ಕಹಿ ಬೆರೆತ ಸಿಹಿ ಸೋಡಾ, ಆ ಕಹಿ ಬರುವುದು ಕ್ವಿನೈನಿನಿಂದ. ಕ್ವಿನೈನ್ ಮೇಲೆ ಅಲ್ಟ್ರಾವೈಲೆಟ್ ಬೆಳಕು ಬಿದ್ದರೆ ಅದು ನೀಲಿಯಾಗಿ ಹೊಳೆಯುತ್ತದೆ. ನಮ್ಮ ಕಣ್ಣಿಗೆ ಕಾಣದ ಬೆಳಕನ್ನು ನುಂಗಿ, ಕಾಣುವ ಬೆಳಕಾಗಿ ವಾಪಸ್ ಕೊಡುತ್ತದೆ. 1845ರಲ್ಲಿ ಜಾನ್ ಹರ್ಶೆಲ್ ಎಂಬ ವಿಜ್ಞಾನಿ ಕ್ವಿನೈನ್ ದ್ರಾವಣದ ಮೇಲ್ಮೈಯಲ್ಲಿ ಈ ನೀಲಿ ಮಿಂಚನ್ನು ಗಮನಿಸಿ ಬರೆದ, 1852ರಲ್ಲಿ ಸ್ಟೋಕ್ಸ್ ಎಂಬ ಇನ್ನೊಬ್ಬ ವಿಜ್ಞಾನಿ ಅದು ಯಾಕೆ ಹಾಗೆ ಎಂದು ವಿವರಿಸಿದ. ಪಾರ್ಟಿ ಅಂಗಡಿಯಲ್ಲಿ ಸಿಗುವ ಬ್ಲ್ಯಾಕ್‌ಲೈಟ್ ಬಲ್ಬು ಸಾಕು. ಆದರೆ ಕೊಳ್ಳುವಾಗ ಡಬ್ಬಿಯ ಮೇಲೆ ನೋಡಿ: 395 ನ್ಯಾನೋಮೀಟರ್ ಎಂದಿದ್ದರೆ ಕೋಣೆ ತುಂಬ ನೇರಳೆ ಬಣ್ಣ ಚೆಲ್ಲುತ್ತದೆ, ಹೊಳಪು ಕಡಿಮೆ. 365 ಎಂದಿದ್ದರೆ ಬಲ್ಬಿನ ಬೆಳಕು ಕಾಣುವುದೇ ಕಡಿಮೆ, ಟಾನಿಕ್ ಮಾತ್ರ ಎದ್ದು ಹೊಳೆಯುತ್ತದೆ. ಸ್ವಲ್ಪ ದುಬಾರಿ. ನಾನು ಎರಡನೆಯದನ್ನೇ ಹೇಳುತ್ತೇನೆ. ಬಲ್ಬನ್ನು ಗ್ಲಾಸುಗಳ ಕಡೆ ತಿರುಗಿಸಿ, ಜನರ ಕಣ್ಣಿಗೆ ನೇರ ಬೀಳದ ಹಾಗೆ ಇಡಿ.

ಈ ಕ್ವಿನೈನಿಗೂ ಮಲೆನಾಡಿಗೂ ಇರುವ ಸಂಬಂಧ ಜಿನ್ ಕುಡಿಯುವ ಸಂಬಂಧ ಅಲ್ಲ. ನಮ್ಮ ಕಡೆ ಚಳಿಜ್ವರ, ಅಂದರೆ ಮಲೇರಿಯಾ, ಊರಿಗೆ ಊರನ್ನೇ ಖಾಲಿ ಮಾಡಿಸಿದ ಕಾಲ ಇತ್ತು. ಬಯಲುಸೀಮೆಯವರು ಮಲೆನಾಡಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದರು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಆಗ ಇದ್ದ ಔಷಧಿ ಎಂದರೆ ಈ ಕ್ವಿನೈನೇ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಸಿಂಕೋನಾ ಮರದ ತೊಗಟೆಯಿಂದ ಬರುವುದು ಅದು, 1820ರಲ್ಲಿ ಫ್ರಾನ್ಸಿನ ಇಬ್ಬರು ಅದನ್ನು ಬೇರ್ಪಡಿಸಿದರು, 1860ರ ದಶಕದಲ್ಲಿ ಬ್ರಿಟಿಷರು ನೀಲಗಿರಿಯಲ್ಲಿ ಆ ಮರದ ತೋಟಗಳನ್ನೇ ಎಬ್ಬಿಸಿದರು. ಬಿಳಿಯರು ಆ ಕಹಿಯನ್ನು ಸಕ್ಕರೆ, ಸೋಡಾ, ಜಿನ್ ಬೆರೆಸಿ ಸಂಜೆಯ ಸುಖ ಮಾಡಿಕೊಂಡರು. ಅಜ್ಜಿಗೆ ಸಿಕ್ಕಿದ್ದು ಸರ್ಕಾರಿ ಆಸ್ಪತ್ರೆಯ ಬಾಟಲಿಯಲ್ಲಿ ತಂದ ಮಿಕ್ಸ್ಚರ್. ಅದರ ಮಾತು ಬಂದಾಗೆಲ್ಲ ಅವಳ ಮುಖ ಹಿಂಡಿದಂತಾಗುತ್ತಿತ್ತು, ಎಷ್ಟೋ ವರ್ಷ ಕಳೆದ ಮೇಲೂ. ಗದ್ದೆಯಾಚೆಯ ಬೆಳಕಿಗೆ ಹೆದರಿದವರನ್ನು ನಾನು ನೋಡಿಲ್ಲ. ಚಳಿಜ್ವರದ ಹೆಸರಿಗೆ ಹೆದರಿದವಳನ್ನು ನೋಡಿದ್ದೇನೆ. ಅದಕ್ಕೇ ನನಗೆ ಈ ಪಾನೀಯದಲ್ಲಿ ದೆವ್ವ ಇದೆ ಎನ್ನುವುದು ಪೂರ್ತಿ ತಮಾಷೆ ಅನಿಸುವುದಿಲ್ಲ.

ಇನ್ನು ರಕ್ತ. ಹ್ಯಾಲೋವೀನ್ ಎಂದ ಮೇಲೆ ರಕ್ತ ಬೇಕೇ ಬೇಕು, ಇಲ್ಲಿನವರು ದಾಳಿಂಬೆಯ ಗ್ರೆನಡೀನ್ ಪಾಕ ಹಾಕುತ್ತಾರೆ. ಅಂಗಡಿಯ ಬಾಟಲಿಯಲ್ಲಿ ಬಹಳ ಸಲ ದಾಳಿಂಬೆಯೇ ಇರುವುದಿಲ್ಲ, ಬರೀ ಬಣ್ಣ. ನಮ್ಮ ಹತ್ತಿರ ಮುರುಗಲು ಇರುವಾಗ ಅದೆಲ್ಲ ಯಾಕೆ? ಕರಾವಳಿಯವರ ಪುನರ್ಪುಳಿ, ಕೊಂಕಣಿಗರ ಕೋಕಂ ಇದೇ. ಓಕ್‌ಟ್ರೀ ರಸ್ತೆಯ ಇಂಡಿಯನ್ ಅಂಗಡಿಗಳಲ್ಲಿ ಒಣಗಿದ ಸಿಪ್ಪೆ ಸಿಗುತ್ತದೆ, ಇಲ್ಲವೇ ಅಮ್ಮ ‘ಪಿತ್ತಕ್ಕೆ ಒಳ್ಳೇದು’ ಎಂದು ಕಟ್ಟಿಕೊಟ್ಟ ಪೊಟ್ಟಣ ಫ್ರಿಜ್ಜಿನ ಮೂಲೆಯಲ್ಲಿ ಇದ್ದೇ ಇರುತ್ತದೆ. ಉಪ್ಪು ಹಾಕದ ಸಿಪ್ಪೆಯೇ ಆಗಬೇಕು. ಯಾಕೆಂದು ಆಮೇಲೆ ಹೇಳುತ್ತೇನೆ. ಒಂದು ಹಿಡಿ ಸಿಪ್ಪೆಯನ್ನು ಎರಡು ಲೋಟ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಚೆನ್ನಾಗಿ ಕಿವುಚಿ, ಬಟ್ಟೆಯಲ್ಲಿ ಸೋಸಿ. ಒಂದು ಲೋಟ ರಸಕ್ಕೆ ಒಂದೂವರೆ ಲೋಟ ಸಕ್ಕರೆ. ಸಣ್ಣ ಉರಿಯಲ್ಲಿ ಸಕ್ಕರೆ ಕರಗುವವರೆಗೆ ಮಾತ್ರ ಬಿಸಿ ಮಾಡಿ ಇಳಿಸಿ, ಜಾಸ್ತಿ ಕುದಿಸಿದರೆ ಆ ಕೆಂಪು ಮಂಕಾಗಿ ಕಂದಾಗುತ್ತದೆ. ತಣ್ಣಗಾದ ಮೇಲೆ ನೋಡಿ, ಯಾವ ಸಿನಿಮಾದ ಬಣ್ಣದ ನೀರಿಗಿಂತಲೂ ಹೆಚ್ಚು ರಕ್ತದ ಹಾಗೆ ಕಾಣುತ್ತದೆ. ಹುಳಿ ಅದರಲ್ಲೇ ಇರುವುದರಿಂದ ನಿಂಬೆ ಕಡಿಮೆ ಸಾಕು.

ಸೇರಿಸುವ ಕೆಲಸ ಸುಲಭ. ಉದ್ದ ಗ್ಲಾಸಿಗೆ ತುಂಬ ಐಸ್, 45 ಎಂಎಲ್ ಜಿನ್, ಒಂದು ದೊಡ್ಡ ಚಮಚ ನಿಂಬೆರಸ, ಮೇಲಿಂದ 120 ಎಂಎಲ್ ಚೆನ್ನಾಗಿ ತಣಿದ ಟಾನಿಕ್. ಮೆಲ್ಲಗೆ ಒಂದು ಸಲ ಕಲಕಿ. ಕೊನೆಗೆ 20 ಎಂಎಲ್ ಮುರುಗಲು ಪಾಕವನ್ನು ಗ್ಲಾಸಿನ ಒಳಗೋಡೆಗೆ ತಾಗಿಸಿ ನಿಧಾನ ಇಳಿಸಿ. ಸಕ್ಕರೆಯ ಭಾರಕ್ಕೆ ಅದು ಸೀದಾ ತಳಕ್ಕೆ ಹೋಗಿ ಕೂರುತ್ತದೆ. ಕೋಣೆಯ ದೀಪ ಆರಿಸಿ ಬ್ಲ್ಯಾಕ್‌ಲೈಟ್ ಹಾಕಿದರೆ ತಳದ ಕೆಂಪು ಕಪ್ಪಾಗಿ ಕಾಣುತ್ತದೆ, ಅದರ ಮೇಲೆ ನೀಲಿ ಬೆಳಕು ನಿಂತಿರುತ್ತದೆ. ಯಾವ ಇದ್ದಿಲೂ ಬೇಕಾಗಿಲ್ಲ. ಶೇಕರ್‌ಗೆ ಇಲ್ಲಿ ಕೆಲಸ ಇಲ್ಲ, ನನಗೆ ಅದೊಂದು ಬೇಜಾರು. ಟಾನಿಕ್ ಹಾಕಿ ಕುಲುಕಿದರೆ ಗ್ಯಾಸೆಲ್ಲ ಹೋಗುತ್ತದೆ, ಮುಚ್ಚಳವೂ ಹಾರುತ್ತದೆ. ಮೊದಲೇ ದೊಡ್ಡ ಪಾತ್ರೆಯಲ್ಲಿ ಬೆರೆಸಿಡುವುದೂ ಬೇಡ. 750 ಎಂಎಲ್ ಜಿನ್ ಬಾಟಲಿಯಲ್ಲಿ 16 ಗ್ಲಾಸು ಆಗುತ್ತದೆ, ಲೆಕ್ಕ ಹಾಕಿ ತನ್ನಿ.

ಅಲಂಕಾರಕ್ಕೆ ಡಬ್ಬಿಯ ಲಿಚಿ ಹಣ್ಣಿನ ಹೊಟ್ಟೆಯೊಳಗೆ ಒಂದು ಬ್ಲೂಬೆರಿ ಸಿಕ್ಕಿಸಿದರೆ ಕಣ್ಣುಗುಡ್ಡೆ ಆಗುತ್ತದೆ. ಇದು ಇಲ್ಲಿ ಹಳೆಯ ಉಪಾಯ, ಆದರೂ ಪ್ರತಿ ಸಲ ಯಾರಾದರೊಬ್ಬರು ಕಿರುಚುತ್ತಾರೆ. ನೆನೆಸಿದ ಕಾಮಕಸ್ತೂರಿ ಬೀಜ ಒಂದು ಚಮಚ ಹಾಕಿದರೆ ಕಪ್ಪೆಯ ಮೊಟ್ಟೆಯೇ. ಎರಡನ್ನೂ ಒಂದೇ ಗ್ಲಾಸಿಗೆ ಹಾಕಬೇಡಿ, ಅದು ಫ್ರೂಟ್ ಸಲಾಡ್ ಆಗುತ್ತದೆ.

ಈಗ ಉಪ್ಪಿನ ವಿಷಯ. ಹೊಳೆಯುವ ಟಾನಿಕ್‌ಗೆ ಒಂದು ಚಿಟಿಕೆ ಉಪ್ಪು ಹಾಕಿ ಕಲಕಿದರೆ ಬೆಳಕು ಮಂಕಾಗುತ್ತದೆ. ಒಂದು ಚಮಚ ಹಾಕಿದರೆ ಹೆಚ್ಚುಕಡಿಮೆ ಆರಿಯೇ ಹೋಗುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್, ಕ್ವಿನೈನ್ ನುಂಗಿದ ಶಕ್ತಿಯನ್ನು ಅದು ಬೆಳಕಾಗಿ ಬಿಡುವ ಮೊದಲೇ ಕಸಿದುಕೊಳ್ಳುತ್ತದೆ. ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಮಾಡಿ ತೋರಿಸುವ ಪ್ರಯೋಗ ಇದು. ಇದಕ್ಕೇ ಉಪ್ಪು ಹಾಕಿದ ಮುರುಗಲು ಬೇಡ ಎಂದದ್ದು, ಮಾರ್ಗರೀಟಾ ತರಹ ಗ್ಲಾಸಿನ ಅಂಚಿಗೆ ಉಪ್ಪು ಹಚ್ಚುವುದೂ ಬೇಡ. ಆದರೆ ನನ್ನ ಪಾರ್ಟಿಯ ಮುಖ್ಯ ಆಟವೇ ಇದು. ಕುಡಿಯದೇ ಇಡುವ ಒಂದು ಗ್ಲಾಸು ಬರೀ ಟಾನಿಕ್ ಮೇಜಿನ ನಡುವೆ ಹೊಳೆಯುತ್ತಿರುತ್ತದೆ. ನಾನು ಎಡಗೈಯಲ್ಲಿ ಕಲ್ಲುಪ್ಪು, ಎರಡು ಒಣಮೆಣಸಿನಕಾಯಿ, ನಾಲ್ಕು ಪೊರಕೆ ಕಡ್ಡಿ ಹಿಡಿದು ಗ್ಲಾಸಿಗೆ ಮೂರು ಸುತ್ತು ನಿವಾಳಿಸುತ್ತೇನೆ. ನಾಯಿ ಕಣ್ಣು, ನರಿ ಕಣ್ಣು, ಎಲ್ಲ ಕಣ್ಣು ಹೋಗಲಿ ಎಂದು ಅಜ್ಜಿ ಹೇಳುತ್ತಿದ್ದದ್ದನ್ನೆಲ್ಲ ಹೇಳಿ, ಉಪ್ಪನ್ನು ಒಳಗೆ ಹಾಕಿ ಕಲಕುತ್ತೇನೆ. ದೆವ್ವ ಹೋಗುತ್ತದೆ. ಕಲ್ಲುಪ್ಪು ಕರಗುವುದು ನಿಧಾನವಾದ್ದರಿಂದ ಹೋಗುವುದೂ ನಿಧಾನ, ಪುಡಿ ಉಪ್ಪಿಗಿಂತ ಅದೇ ಚೆಂದ. ಅಮೆರಿಕನ್ ಸಹೋದ್ಯೋಗಿಗಳಿಗೆ ಇದು ಕೆಮಿಸ್ಟ್ರಿ. ನಮ್ಮವರು ಮಾತ್ರ ಒಂದು ಕ್ಷಣ ಸುಮ್ಮನಾಗಿ ಆಮೇಲೆ ಜಾಸ್ತಿಯೇ ನಗುತ್ತಾರೆ.

ಒಂದು ಮಾತು ಗಂಭೀರವಾಗಿ. ಕ್ವಿನೈನ್ ಎಲ್ಲರಿಗೂ ಆಗುವುದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಎಫ್‌ಡಿಎ, ಟಾನಿಕ್‌ನಲ್ಲಿ ಹತ್ತು ಲಕ್ಷಕ್ಕೆ 83 ಭಾಗಕ್ಕಿಂತ ಹೆಚ್ಚು ಕ್ವಿನೈನ್ ಇರಬಾರದು ಎಂದು ಮಿತಿ ಇಟ್ಟಿದೆ, ಬಾಟಲಿಯ ಮೇಲೆ ಅದರ ಹೆಸರು ಇರಲೇಬೇಕು. ಗರ್ಭಿಣಿಯರು, ಹೃದಯದ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಕುಡಿಯದಿರುವುದು ವಾಸಿ. ಅತಿಥಿಗಳಿಗೆ ಮೊದಲೇ ಹೇಳಿಬಿಡಿ.

ಹಬ್ಬದ ದಿನ ಕುಡಿಯುವುದಾ ಎಂಬ ಪ್ರಶ್ನೆ ನಮ್ಮ ಗುಂಪಿನಲ್ಲಿ ಬಂದೇ ಬರುತ್ತದೆ. 2024ರಲ್ಲಂತೂ ಅಕ್ಟೋಬರ್ 31ಕ್ಕೇ ನರಕ ಚತುರ್ದಶಿ ಬಿತ್ತು. ಬೆಳಗ್ಗೆ ಎಣ್ಣೆಸ್ನಾನ, ಸಂಜೆ ಮಕ್ಕಳಿಗೆ ಅಸ್ಥಿಪಂಜರದ ಅಂಗಿ. ಮರುದಿನ ಕನ್ನಡ ರಾಜ್ಯೋತ್ಸವ ಬೇರೆ. ಪಾರ್ಟಿಯನ್ನು ಹಿಂದಿನ ಶನಿವಾರಕ್ಕೆ ಹಾಕಿಕೊಂಡೆವು, ಇಲ್ಲಿನ ದೊಡ್ಡವರ ಪಾರ್ಟಿಗಳು ಹೇಗೂ ಶನಿವಾರವೇ ನಡೆಯುವುದು. ಆವತ್ತು ಮಂಡ್ಯ ಕಡೆಯ ಗೆಳೆಯನೊಬ್ಬ ಹೇಳಿದ ಮಾತು ನನಗೆ ಹಿಡಿಸಿತು. ಅವರಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ತೀರಿಕೊಂಡವರಿಗೆ ಏನು ಇಷ್ಟವೋ ಅದೆಲ್ಲ ಇಡುತ್ತಾರೆ. ಮಾಂಸದ ಸಾರು, ಬೀಡಿ, ಕುಡಿಯುತ್ತಿದ್ದವರಾದರೆ ಒಂದು ಕ್ವಾರ್ಟರ್. ಬಾಗಿಲು ಹಾಕಿ ಎಲ್ಲರೂ ಹೊರಗೆ ಕೂರುತ್ತಾರೆ. “ನಮ್ ತಾತಂಗೆ ಬ್ರಾಂದಿನೇ ಆಗ್ಬೇಕು ಗುರು, ನಿನ್ ಜಿನ್ನು ಗಿನ್ನು ಮುಟ್ಟಲ್ಲ” ಅಂದ. ಹ್ಯಾಲೋವೀನ್ ಎಂದರೆ ಸತ್ತವರು ಮನೆಗೆ ಬರುವ ದಿನ ಎಂದು ಐರ್ಲೆಂಡಿನವರು ಹಿಂದೆ ನಂಬಿದ್ದದ್ದೂ ಹೀಗೇ ಅಲ್ವಾ. ಅಲ್ಲಿಂದ ವಲಸೆ ಬಂದವರ ಜೊತೆ ಹಬ್ಬ ಅಮೆರಿಕಕ್ಕೆ ಬಂತು, ಟರ್ನಿಪ್ ಗೆಡ್ಡೆ ಕೊರೆದು ಮಾಡುತ್ತಿದ್ದ ದೀಪ ಇಲ್ಲಿ ಕುಂಬಳಕಾಯಿಯದಾಯಿತು. ಬೆದರಿಸುವ ಆಟ ಉಳಿಯಿತು, ಬಡಿಸುವುದು ಮಕ್ಕಳ ಚಾಕ್ಲೇಟಿಗೆ ಇಳಿಯಿತು. ಮಂಡ್ಯದವರ ಎಡೆಯಲ್ಲಿ ಹೆದರಿಸುವುದು ಇಲ್ಲವೇ ಇಲ್ಲ, ತಾತನಿಗೆ ಬ್ರಾಂದಿ ಇದೆ. ನನ್ನನ್ನು ಕೇಳಿದರೆ ಅದೇ ಮೇಲು.

ಕುಡಿಯದವರಿಗೂ ಇದೇ ಗ್ಲಾಸು, ಜಿನ್ ಇಲ್ಲದೆ. ಹೊಳೆಯುವುದು ಟಾನಿಕ್ ಆದ್ದರಿಂದ ಯಾರ ಗ್ಲಾಸಿನಲ್ಲಿ ಏನಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ‘ಯಾಕೆ ಕುಡೀತಿಲ್ಲ?’ ಎಂದು ಪೀಡಿಸುವವರಿಗೆ ಅವಕಾಶವೇ ಸಿಗುವುದಿಲ್ಲ, ಇದು ನನಗೆ ಬಹಳ ಇಷ್ಟದ ಅನುಕೂಲ. ಮಕ್ಕಳದ್ದು ಮಾತ್ರ ಬೇರೆ ಮೇಜಿನಲ್ಲಿ, ಬೇರೆ ಬಣ್ಣದ ಲೋಟದಲ್ಲಿ, ಟಾನಿಕ್ ಬದಲು ಸೋಡಾ ಹಾಕಿದ ಮುರುಗಲು. ಕತ್ತಲ ಕೋಣೆಯಲ್ಲಿ ಒಂದೇ ತರಹದ ಗ್ಲಾಸು ಇಟ್ಟರೆ ಮಗು ಯಾವುದನ್ನು ಎತ್ತಿಕೊಳ್ಳುತ್ತದೋ ಹೇಳಲಾಗದು.

ಆ ಸಲ ತೀರ್ಥಹಳ್ಳಿಯಿಂದ ಮಗನ ಮನೆಗೆ ಬಂದಿದ್ದ ಗೆಳೆಯನ ಅಮ್ಮ ಮೂಲೆಯ ಸೋಫಾದಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದರು. ಉಪ್ಪಿನ ಆಟ ಮುಗಿದ ಮೇಲೆ ಅವರಿಗೂ ಜಿನ್ ಇಲ್ಲದ ಒಂದು ಗ್ಲಾಸು ಕೊಟ್ಟೆ. ಒಂದು ಗುಟುಕು ಕುಡಿದು, “ಕಹಿ ಇದ್ಯಲ್ಲ ಮಾರಾಯ, ಮುರುಗಲಿಗೆ ಉಪ್ಪೇ ಹಾಕಿಲ್ಲ” ಅಂದರು.

“ಉಪ್ಪು ಹಾಕಿದ್ರೆ ದೆವ್ವ ಹೋಗತ್ತೆ ಅಮ್ಮ.”

“ಹೋಗ್ಲಿ ಬಿಡು. ಒಂಚೂರು ಜೀರಿಗೆ ಪುಡಿನೂ ಹಾಕು.”

ಟಾನಿಕ್ ಪೂರ್ತಿ ಚೆಲ್ಲಿ, ಮುರುಗಲು, ಬೆಲ್ಲ, ಉಪ್ಪು, ಹುರಿದ ಜೀರಿಗೆ ಪುಡಿ, ತಣ್ಣೀರು ಹಾಕಿ ಮಾಡಿಕೊಟ್ಟೆ. ಅದನ್ನು ನೋಡಿದ ಇನ್ನೂ ನಾಲ್ಕು ಜನ ತಮಗೂ ಅದೇ ಬೇಕು ಎಂದರು, ಅದರಲ್ಲಿ ಇಬ್ಬರು ಜಿನ್ ಹಾಕಿ ಕೊಡು ಎಂದರು. ಜೀರಿಗೆಗೂ ಜಿನ್‌ಗೂ ಚೆನ್ನಾಗಿಯೇ ಹೊಂದುತ್ತದೆ. ಈ ವರ್ಷದ ಪಟ್ಟಿಗೆ ಅದನ್ನೂ ಸೇರಿಸಿದ್ದೇನೆ. ಅದು ಹೊಳೆಯುವುದಿಲ್ಲ, ಹೆಸರು ಇನ್ನೂ ಇಟ್ಟಿಲ್ಲ.